ಕಾಲ್ಚೀಲದಾಗ ಗುಲಗಂಜಿ

ಬಾವಧನದಾಗ ಎಂಟನೇ ಮಜಲಾ, ಪಡುವಣ ಕಿಡಕಿ.
ಕಾರಖಾನೀಸ ಕಾಕೂ ಪರದೆ ಸರಿಸಿದ್ರು.
ಅಲ್ಯುಮಿನಿಯಂ ಪಟ್ಟಿ ಮೂಲ್ಯಾಗ
ಯಾರೋ ಅಕ್ಕಸಾಲ್ಯಾನ ಚೀಲ ಹರದು ಚೆಲ್ಲಿಧಂಗ
ಗುಲಗಂಜಿ ಹುಳ, ಒಂದರ ಮ್ಯಾಲೊಂದು,
ಇನ್ನೂರೋ ಮುನ್ನೂರೋ.
ಉಸರಾಡ್ತಾವೋ ಇಲ್ಲೋ ತಿಳೀವಲ್ದು.

"ಔಷಧ ಮಾರಾ" ಅಂದ್ರು.
ಊರಿಂದ ಬಂದ ಹೊಸದಾಗಿ ಇದನ್ನ ಕೇಳಿ
ಏನೋ ಮಾರಾಟ ಮಾಡಂತಾರ ಅನಕೊಂಡಿದ್ದೆ.
ನಮ್ಮ ಕಡೆ ಎಣ್ಣಿ ಹೊಡಿ ಅಂತೀವಿ.
ಔಷಧ ಅನ್ನರಿ, ಎಣ್ಣಿ ಅನ್ನರಿ,
ಹೊಡತ ಎರಡೂ ಭಾಷಾದಾಗ ಒಂದ.

ಹನ್ನೊಂದು ವರ್ಷ ಆತು, ಬೆನ್ನಿಗೆ ಈ ಪಂಪು.
ಜಿರಳಿಗೆ ಜೆಲ್, ಗೆದ್ದಲಕ್ಕ ಡ್ರಿಲ್, ತಗಣಿಗೆ ಎರಡು ಸಲ.
ಯಾವುದರ ಮಾರಿನೂ ನೋಡಿದವ ಅಲ್ಲ.
ಇವತ್ತ ಹಿಡಕಿ ಮ್ಯಾಲ ಕೈ ನಿಂತು.

ಇಂಡಿ ಕಡೆ ಕುಸುಬಿ ಹೊಲದಾಗ
ಹೇನ ಬಿದ್ದು ಎಲಿ ಅಂಟಂಟಾದಾಗ
ಇವು ಬರ್ತಿದ್ದವು.
ಕೈಗೆ ಅರಿವಿ ಸುತ್ತಿಕೊಂಡು ಮುಳ್ಳಿನ ನಡುವ ನಮ್ಮವ್ವ
ಕುಡಗೋಲ ತಡದು ಹೇಳ್ತಿದ್ಲು:
"ಹೊಸಕಬ್ಯಾಡ. ಕೂಲಿ ಕೇಳದ ಆಳು ಅದು."

ಹೊಸಕಿದ್ರ ಮೊಣಕಾಲಿಂದ ಹಳದಿ ರಸ ಬಿಡ್ತಾವ, ಕಾಕೂ,
ಪರದೆಗೆ ಕಲೆ ಬೀಳತದ, ವಾಸನಿ ಹೋಗಂಗಿಲ್ಲ.
ಔಷಧ ಹೊಡದ್ರ ಪಟ್ಟಿ ಒಳಗ ಸತ್ತು ಬೀಳ್ತಾವ,
ಅದನ್ನ ತಿನ್ನಾಕ ಬ್ಯಾರೆ ಹುಳ ಬರ್ತಾವ,
ಆಗ ಮತ್ತ ನನಗ ಫೋನು. ನನ್ನ ಧಂದೆಕ್ಕೇನೋ ಛಲೋ.
ಒಂದ ಉಸರಿನಾಗ ಇಷ್ಟು ಮರಾಠಿ
ನಾ ಎಂದೂ ಮಾತಾಡಿದ್ದಿಲ್ಲ.

"ಅರವತ್ನಾಕು ಮನಿ ಬಿಟ್ಟು ನಮ್ಮ ಮನೀನ ಯಾಕ?"

ಬಿಳಿ ಗ್ವಾಡಿ, ಇಳಿಬಿಸಲು, ಉಗುರು ಹೋಗುವಷ್ಟು ಸಂದಿ.
ಹ್ವಾದ ವರ್ಷ ಒಂದ ನಾಲ್ಕು ಬಂದು ಮಲಗಿದ್ದಿರಬೇಕು.
ಎದ್ದು ಹೋಗುವಾಗ ವಾಸನಿ ಬಿಟ್ಟು ಹೋಗ್ತಾವ,
ಈ ವರ್ಷದವು ಅದನ್ನ ಓದಿಕೊಂಡು ಬರ್ತಾವ.
ವಾರಜೆ ಪತ್ರಾ ಖೋಲಿಗೆ ಮೊದಲ ಬಂದವ ನಮ್ಮ ಈರಸಂಗ.
ಈಗ ಆ ಸಾಲಿನಾಗ ಹದಿನೇಳು ಮಂದಿ ನಾವು.
ಇದನ್ನ ಕಾಕೂಗ ಹೇಳಲಿಲ್ಲ.

ವ್ಯಾಕ್ಯೂಮಿನ ಕೊಳವಿಗೆ
ಅವರ ಮಗಳ ಹಳೇ ಉದ್ದ ಕಾಲ್ಚೀಲ ತೂರಿಸಿ
ಬಾಯಿಗೆ ರಬ್ಬರ ಹಾಕಿ ಸಣ್ಣಗ ಎಳದೆ.
ಟಪ. ಟಪ. ಟಪಟಪಟಪ,
ಹಂಚಿನ ಮ್ಯಾಲ ಜ್ವಾಳದ ಅಳ್ಳು ಸಿಡಿಧಂಗ.
ಗಂಟ ಹಾಕಿ ಅವರ ಕೈಯಾಗ ಇಟ್ಟೆ.
"ಎಷ್ಟ ಹಗುರ ಅದ" ಅಂದ್ರು.
ಸ್ವಲ್ಪ ತಡದು, "ಮಿಸುಕತಾವ."
ಕೈ ಹಿಂದ ತಗೀಲಿಲ್ಲ.

ಸಂದಿಗೆ ಸಿಲಿಕಾನ್ ಈಗ ಬ್ಯಾಡ್ರಿ,
ಒಳಗ ಉಳದವು ಒಳಗ ಸಿಕ್ಕೋತಾವ.
ಗಣಪತಿ ನೀರಿಗೆ ಹ್ವಾದ ಮರುವಾರ ಕರೀರಿ, ತುಂಬತೀನಿ.
ಇವತ್ತ ಸೋಪಿನ ನೀರಿಲೆ ಪಟ್ಟಿ ಒರಸರಿ,
ವಿಳಾಸ ಅಳಸೂ ಹಂಗ.
ಒರಸಿದ್ರೋ ಇಲ್ಲೋ, ನೋಡಾಕ ನಿಲ್ಲಲಿಲ್ಲ.

ಸಂಜಿಗೆ ಟೇಕಡಿ ಬುಡಕ ಕಲ್ಲಿನ ಪೌಳಿ,
ಒಣ ಎಲಿ ತುಂಬಿದ ಬಿರುಕು.
ಗಂಟ ಬಿಚ್ಚಿ ಸುರವಿದೆ. ಒಂದೂ ಹಾರಲಿಲ್ಲ.
ಛಳಿಗೆ ಬರೇ ಬೀಜ ಬಿದ್ಧಂಗ ಬಿದ್ದವು.
ಗಾಡಿ ದೀಪ ಹಚ್ಚಿ ನಿಂತೆ, ಎಷ್ಟೊತ್ತೋ.
ಒಂದು ಕಾಲು ಹೊರಗ ತಗೀತು,
ಬಿರುಕಿನ ಕಡೆ ನಡೀತು.
ಅಷ್ಟರಾಗ ಘಾಟಪಾಂಡೆ ಸಾಹೇಬರ ಫೋನು:
"ಎಷ್ಟು ಮಿಲಿ ಹೋತು?"
"ಸೊನ್ನಿ."
"ಹಂಗಾರ ಬಿಲ್ಲು ಯಾತರದ್ದು?"
ನನಗ ಹೇಳಾಕ ಬರಲಿಲ್ಲ.

ರಾತ್ರಿ ಅಂಗಿ ಕಳದ್ರ
ಕಾಲರಿನ ಮಡಿಕ್ಯಾಗ ಒಂದು ಉಳದಿತ್ತು.
ಗ್ವಾಡಿ ಹತ್ತಿ, ಪತ್ರಾದ ಮೊಳಿ ತೂತಿನ ತನಕ ಹೋಗಿ
ಅಲ್ಲೇ ಮುದುಡಿತು.
ಈರಸಂಗ ಚಪ್ಪಲ ಎತ್ತಿದ.
ಬಿಡೋ ಅಂದೆ.
"ಬರೋ ಮಾರ್ಗಶಿರಕ್ಕ ಮಂದಿನ್ನ ಕರಕೊಂಡ ಬರತದ ನೋಡ ಮತ್ತ"
ಅಂದವ, ದೀಪ ಆರಿಸಿದ.